ಮೋಡಕ್ಕಿಂತ ಕಣಗಳು ಮೊದಲು ಬರುವುದೇಕೆ?

ಸೂರ್ಯ ಉಗುಳಿದ ಪ್ಲಾಸ್ಮಾ (ವಿದ್ಯುದಾವೇಶದ ಬಿಸಿ ಅನಿಲ) ಮೋಡಕ್ಕೆ ಭೂಮಿಗೆ ಬರಲು ಎರಡು ಮೂರು ದಿನ ಬೇಕು, ಕೆಲವು ಪ್ರೋಟಾನ್‌ಗಳು ಗಂಟೆಯೊಳಗೇ ಹೇಗೆ ಬರುತ್ತವೆ ಅಂತ ಕೇಳಿದ್ದೀರಿ. ಅವು ಮೋಡದ ಜೊತೆ ಬರುವುದಿಲ್ಲ.

ಜೋರಾದ ಮೋಡ ಸೆಕೆಂಡಿಗೆ 1000 ಕಿ.ಮೀ.ಗೂ ಜಾಸ್ತಿ ಓಡುತ್ತದೆ, ಸೂರ್ಯನಿಂದ ಸದಾ ಹೊರಬೀಳುವ ಕಣಗಳ ಹರಿವಾದ ಸೌರಮಾರುತ ಸುಮಾರು 400. ಹಾಗಾಗಿ ಮೋಡದ ಮುಂದೆ ಆಘಾತದ ಅಲೆ ಏಳುತ್ತದೆ. ಅದರ ಎರಡೂ ಬದಿ ಕಾಂತಕ್ಷೇತ್ರ ಕದಡಿರುತ್ತದೆ. ಅಲ್ಲಿ ಸಿಕ್ಕ ಕಣ ಅಲೆಯನ್ನು ಮತ್ತೆ ಮತ್ತೆ ದಾಟುತ್ತದೆ. ನುಗ್ಗಿ ಬರುವ ಬ್ಯಾಟಿಗೆ ಬಡಿದ ಚೆಂಡಿನಂತೆ ಪ್ರತಿ ಸಲವೂ ಸ್ವಲ್ಪ ಶಕ್ತಿ ಗಳಿಸುತ್ತದೆ. ಸಾಕಷ್ಟು ವೇಗ ಸಿಕ್ಕವು ತಪ್ಪಿಸಿಕೊಂಡು, ಕಾಂತರೇಖೆ ಹಿಡಿದು ಮುಂದೆ ಓಡುತ್ತವೆ. ಅಲೆ ದಾರಿಯುದ್ದಕ್ಕೂ ಇದನ್ನೇ ಮಾಡುತ್ತಿರುತ್ತದೆ. ಅದಕ್ಕೇ ಅದು ಭೂಮಿ ತಲುಪುವಾಗ ಕಣಗಳು ಎಷ್ಟೋ ಸಲ ಇನ್ನೊಮ್ಮೆ ಹೆಚ್ಚುತ್ತವೆ.

ಅಂದ ಹಾಗೆ, ಈ ಮೋಡಗಳು ಹೊರಡುವುದನ್ನು ನೋಡುವ, ಇಸ್ರೋದ ಸೌರ ನೌಕೆ ಆದಿತ್ಯ-ಎಲ್1ರ ಕೊರೋನಾಗ್ರಾಫ್ (ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಮಂದ ಬೆಳಕು ನೋಡುವ ದೂರದರ್ಶಕ) ಕಟ್ಟಿದ್ದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರೇ.