55 ಸಾವಿರದ ಸಂಸಾರಕ್ಕೆ ಸ್ಕೂಟರೇ, ಕಾರೇ?

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯವರು, ಪುಣೆಯ ಧಾಯರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನನ್ನ ಯಜಮಾನರು ಶಿವಾಜಿನಗರದ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ, ನಾನು ಮನೆಯ ಹತ್ತಿರದ ಶಾಲೆಯಲ್ಲಿ ಶಿಕ್ಷಕಿ. ಇಬ್ಬರ ಗಳಿಕೆ ಸೇರಿ ತಿಂಗಳಿಗೆ 55 ಸಾವಿರ ರೂಪಾಯಿ, ಉಳಿತಾಯ 1.4 ಲಕ್ಷ. ಏಳು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಮಂಡಿನೋವಿರುವ ಅತ್ತೆಯವರು ಆಗಾಗ ಬಂದಿರುತ್ತಾರೆ. ಹಳೆಯ ಸ್ಕೂಟರ್ ಪದೇ ಪದೇ ಕೆಡುತ್ತಿದೆ. ಒಂದು ಲಕ್ಷ ಕೊಟ್ಟು ಹೊಸ ಸ್ಕೂಟರ್ ಕೊಳ್ಳುವುದೋ, ಅದೇ ಒಂದು ಲಕ್ಷ ಮುಂಗಡ ಕಟ್ಟಿ, ಉಳಿದ ಮೂರು ಲಕ್ಷಕ್ಕೆ ಸಾಲ ಮಾಡಿ, ನಾಲ್ಕು ಲಕ್ಷದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದೋ? ಊರಿಗೆ ಹೋದಾಗಲೆಲ್ಲ ‘ಪುಣೆದಾಗ ಇದ್ದೂ ಒಂದು ಕಾರ್ ಇಲ್ಲೇನು’ ಎಂದು ಕೇಳುತ್ತಾರೆ. ಈಗ ನಾಲ್ವರೂ ಒಂದೇ ಸ್ಕೂಟರಿನಲ್ಲಿ ಓಡಾಡುತ್ತಿದ್ದೇವೆ.
— ಓದುಗರೊಬ್ಬರು, ಧಾಯರಿ, ಪುಣೆ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ವಾಹನ ಕೊಂಡರೂ ಆ ಅಭ್ಯಾಸ ಇಂದೇ ನಿಲ್ಲಬೇಕು. ಮೋಟಾರು ವಾಹನ ಕಾಯ್ದೆಯ 128ನೇ ಕಲಮಿನಂತೆ ದ್ವಿಚಕ್ರ ವಾಹನದಲ್ಲಿ ಸವಾರರ ಹಿಂದೆ ಒಬ್ಬರು ಮಾತ್ರ ಕೂರಬಹುದು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಗುವನ್ನು ಕರೆದೊಯ್ಯುವಾಗ ಹೆಲ್ಮೆಟ್ಟಿನ ಜೊತೆಗೆ ಸವಾರರಿಗೆ ಕಟ್ಟುವ ಸುರಕ್ಷತಾ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ದಂಡದ ಭಯಕ್ಕಾಗಿ ಇದನ್ನು ಹೇಳುತ್ತಿಲ್ಲ. ನಿಮ್ಮ ಮನೆಗೆ ಹತ್ತಿರವಿರುವ ನವಲೆ ಸೇತುವೆಯ ಹೆದ್ದಾರಿಯಲ್ಲಿ, ಕಾತ್ರಜ್ ಹೊಸ ಸುರಂಗದಿಂದ ಇಳಿದು ಬರುವ ಭಾರಿ ವಾಹನಗಳು ಬ್ರೇಕ್ ಹಿಡಿಯದೆ ನುಗ್ಗಿದಾಗ ಏನಾಗುತ್ತದೆ ಎಂಬುದನ್ನು ಧಾಯರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನಗಳು ಜಖಂಗೊಂಡಿದ್ದವು. ಎರಡು ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡ ಸ್ಕೂಟರಿಗೆ ಆ ರಸ್ತೆಯಲ್ಲಿ ಯಾವ ರಕ್ಷಣೆಯೂ ಇಲ್ಲ.

ಹಾಗಾದರೆ ಕಾರೇ ಸರಿಯಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ಲೆಕ್ಕ ಹಾಕಲೇಬೇಕು. ಎರಡೂ ದಾರಿಯಲ್ಲಿ ಇಂದು ನಿಮ್ಮ ಉಳಿತಾಯದಿಂದ ಹೋಗುವುದು ಒಂದೇ ಲಕ್ಷವಾದ್ದರಿಂದ ಅವು ಸಮವೆಂದು ತೋರುತ್ತವೆ. ವ್ಯತ್ಯಾಸ ಶುರುವಾಗುವುದು ಮುಂದಿನ ತಿಂಗಳಿನಿಂದ. ಮೂರು ಲಕ್ಷದ ಸಾಲಕ್ಕೆ ಶೇ. 12ರ ಬಡ್ಡಿ, ಐದು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 6,670 ರೂಪಾಯಿ. ಅವಧಿ ಮುಗಿಯುವಾಗ ಬಡ್ಡಿಯೇ ಒಂದು ಲಕ್ಷವಾಗಿರುತ್ತದೆ. ಅಂದರೆ ನಾಲ್ಕು ಲಕ್ಷದ ಕಾರಿಗೆ ನೀವು ತೆತ್ತದ್ದು ಐದು ಲಕ್ಷ, ಅಷ್ಟರಲ್ಲಿ ಆ ಕಾರಿನ ಬೆಲೆ ಇನ್ನಷ್ಟು ಇಳಿದಿರುತ್ತದೆ. ಕಚೇರಿಗೆ ಹೋಗಿ ಬರುವುದು ತಿಂಗಳಿಗೆ 600 ಕಿ.ಮೀ., ಪೆಟ್ರೋಲು ಲೀಟರಿಗೆ 105 ರೂಪಾಯಿ ಎಂದುಕೊಳ್ಳೋಣ. ಸಿಂಹಗಡ ರಸ್ತೆಯ ದಟ್ಟಣೆಯಲ್ಲಿ ಸಣ್ಣ ಕಾರು ಲೀಟರಿಗೆ 14 ಕಿ.ಮೀ. ಕೊಟ್ಟರೆ ಇಂಧನಕ್ಕೆ 4,500 ರೂಪಾಯಿ ಬೇಕು, 45 ಕಿ.ಮೀ. ಕೊಡುವ ಸ್ಕೂಟರಿಗೆ 1,400 ಸಾಕು. ವಿಮೆ, ಸರ್ವಿಸಿಂಗ್, ಟೈರು, ಬ್ಯಾಟರಿ ಎಲ್ಲ ಸೇರಿ ಹಳೆಯ ಕಾರಿಗೆ ತಿಂಗಳಿಗೆ 2,000 ರೂಪಾಯಿಯಾದರೂ ಎತ್ತಿಡಬೇಕು, ಸ್ಕೂಟರಿಗೆ 600 ಸಾಕಾಗುತ್ತದೆ. ವಿಮೆಯೊಂದನ್ನೇ ನೋಡಿ: 2022ರ ಜೂನಿನಲ್ಲಿ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿಸಿ ಕಾರಿನ ಥರ್ಡ್ ಪಾರ್ಟಿ ವಿಮೆಗೆ (ಅಪಘಾತದಲ್ಲಿ ಇತರರಿಗಾಗುವ ಹಾನಿ ತುಂಬಿಕೊಡುವ ವಿಮೆ) ವರ್ಷಕ್ಕೆ 3,416 ರೂಪಾಯಿ, 75ರಿಂದ 150 ಸಿಸಿಯೊಳಗಿನ ಸ್ಕೂಟರಿಗೆ 714 ರೂಪಾಯಿ. ಒಟ್ಟಿನಲ್ಲಿ ಕಾರಿಗೆ ತಿಂಗಳಿಗೆ 13 ಸಾವಿರ ಮೀರುತ್ತದೆ, ಸ್ಕೂಟರಿಗೆ 2 ಸಾವಿರ. ಬಾಡಿಗೆ, ಶಾಲೆಯ ಶುಲ್ಕ, ಊರಿಗೆ ಕಳುಹಿಸುವ ಹಣ ಇವುಗಳ ನಡುವೆ ಗಳಿಕೆಯ ಸುಮಾರು ಕಾಲು ಭಾಗವನ್ನು ವಾಹನವೊಂದಕ್ಕೇ ಕೊಡುವುದು ನಿಮ್ಮ ಸಂಸಾರಕ್ಕೆ ಭಾರವಾಗುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರು ನಿಲ್ಲಿಸುವ ಜಾಗವನ್ನು ನಾನಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಾಡಿಗೆದಾರರಿಗೆ ಕಟ್ಟಡದೊಳಗೆ ಜಾಗ ಸಿಗದಿದ್ದರೆ ಕಾರು ರಾತ್ರಿಯೆಲ್ಲ ರಸ್ತೆಯಲ್ಲಿರಬೇಕಾಗುತ್ತದೆ; ಮುಂಗಡ ಕೊಡುವ ಮೊದಲು ಮನೆಯ ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಆದ್ದರಿಂದ ಸದ್ಯಕ್ಕೆ ಸ್ಕೂಟರ್ ಕೊಳ್ಳಿ. ಅದು ಯಜಮಾನರ ಕಚೇರಿಗೆ, ಮಗಳನ್ನು ಶಾಲೆಗೆ ಬಿಡುವುದಕ್ಕೆ ಇರಲಿ, ಇಡೀ ಕುಟುಂಬಕ್ಕಲ್ಲ. ಎಲ್ಲರೂ ಹೊರಡುವ ದಿನ ರಿಕ್ಷಾ ಹಿಡಿಯಿರಿ. ಪುಣೆಯಲ್ಲಿ 2022ರ ಸೆಪ್ಟೆಂಬರಿನಿಂದ ಬಂದ ಮೀಟರ್ ದರ ಮೊದಲ ಒಂದೂವರೆ ಕಿ.ಮೀ.ಗೆ 25 ರೂಪಾಯಿ, ಅನಂತರ ಪ್ರತಿ ಕಿ.ಮೀ.ಗೆ 17 ರೂಪಾಯಿ. ಅದರಂತೆ 10 ಕಿ.ಮೀ. ಪ್ರಯಾಣಕ್ಕೆ ಸುಮಾರು 170 ರೂಪಾಯಿಯಾಗುತ್ತದೆ. ತಿಂಗಳಿಗೆ 3 ಸಾವಿರ ರೂಪಾಯಿಯನ್ನು ಇದಕ್ಕೆಂದೇ ಬೇರೆ ಇಟ್ಟರೆ ಅಷ್ಟು ದೂರಕ್ಕೆ ಎಂಟು ಬಾರಿ ಹೋಗಿ ಬರಬಹುದು. ಅತ್ತೆಯವರ ಆಸ್ಪತ್ರೆ, ತುಳಶಿಬಾಗಿನ ಸಂತೆ, ಎರಂಡವಣೆಯ ಕನ್ನಡ ಸಂಘದ ಕಾರ್ಯಕ್ರಮ ಎಲ್ಲಕ್ಕೂ ಇದು ಸಾಲುತ್ತದೆ. ಸ್ವಾರಗೇಟಿನವರೆಗೆ ಪಿಎಂಪಿ ಬಸ್ಸಿನಲ್ಲಿ ಹೋದರೆ ಅಲ್ಲಿಂದ ಮುಂದೆ ಮೆಟ್ರೊ ಇದೆ. ರಾತ್ರಿ ಹೊತ್ತಿನ ತುರ್ತಿಗೆ 108ರ ಆಂಬುಲೆನ್ಸ್ ಇದೆ. ಕಾಯಿಲೆಯವರನ್ನು ಅವಸರದಲ್ಲಿ ಮನೆಯವರೇ ಕಾರಿನಲ್ಲಿ ಒಯ್ಯುವುದಕ್ಕಿಂತ ಅದು ಹೆಚ್ಚು ಸುರಕ್ಷಿತ. ವರ್ಷಕ್ಕೆ ಒಂದೆರಡು ಬಾರಿ ಊರಿಗೆ ಹೋಗಲು ಸೊಲ್ಲಾಪುರದ ಮಾರ್ಗವಾಗಿ ರೈಲೂ ಇದೆ, ಬಸ್ಸೂ ಇದೆ. ಊರವರ ಪ್ರಶ್ನೆಗಾಗಿ ಸಾಲ ಮಾಡಬೇಡಿ, ಕಂತು ಕಟ್ಟಲು ಅವರು ಬರುವುದಿಲ್ಲ.

ರಿಕ್ಷಾದ ಖರ್ಚು ಕಳೆದರೂ ಕಾರಿನ ಲೆಕ್ಕಕ್ಕಿಂತ ತಿಂಗಳಿಗೆ 8 ಸಾವಿರ ರೂಪಾಯಿ ನಿಮ್ಮ ಕೈಯಲ್ಲಿ ಉಳಿಯಬೇಕು. ಅದನ್ನು ತಿಂಗಳು ತಪ್ಪದೆ ಆರ್‌ಡಿ (ತಿಂಗಳ ಕಂತಿನ ಠೇವಣಿ) ಖಾತೆಗೆ ಹಾಕುತ್ತ ಬಂದರೆ ಎರಡು ವರ್ಷಕ್ಕೆ 1.92 ಲಕ್ಷ ಅಸಲು, ಮೇಲೆ ಬಡ್ಡಿ. ಆಗ ಅದೇ ನಾಲ್ಕು ಲಕ್ಷದ ಕಾರು ಕೊಂಡರೆ ಸಾಲ ಮೂರು ಲಕ್ಷದಿಂದ ಸುಮಾರು ಎರಡು ಲಕ್ಷಕ್ಕೆ ಇಳಿದಿರುತ್ತದೆ. ಅಷ್ಟರೊಳಗೆ ಅತ್ತೆಯವರು ನಿಮ್ಮಲ್ಲೇ ನೆಲೆಸಿ, ವಾರ ವಾರವೂ ಚಿಕಿತ್ಸೆಗೆ ಕರೆದೊಯ್ಯಬೇಕಾದ ಸ್ಥಿತಿ ಬಂದರೆ ಈ ಉತ್ತರ ಬದಲಾಗುತ್ತದೆ; ಆಗ ಕಾರನ್ನು ಮುಂದೂಡಬೇಡಿ.

ಸ್ಕೂಟರ್ ಆರಿಸುವಾಗ ಎರಡು ಚಕ್ರಗಳ ಬ್ರೇಕು ಒಟ್ಟಿಗೆ ಹಿಡಿಯುವ ಕಾಂಬಿ ಬ್ರೇಕ್ ವ್ಯವಸ್ಥೆಯನ್ನು ಗಮನಿಸಿ. 125 ಸಿಸಿವರೆಗಿನ ಹೊಸ ವಾಹನಗಳಿಗೆ ಇದು ಅಥವಾ ಚಕ್ರ ಜಾರದಂತೆ ತಡೆಯುವ ಎಬಿಎಸ್ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಮಗಳ ತಲೆಗೆ ಸರಿಹೊಂದುವ, ಐಎಸ್‌ಐ ಗುರುತಿರುವ ಹೆಲ್ಮೆಟ್ಟನ್ನು ಅದೇ ದಿನ ಕೊಳ್ಳಿ. ಬಾಡಿಗೆ ಮನೆಯಲ್ಲಿ ಚಾರ್ಜಿಂಗಿಗೆ ಮಾಲೀಕರ ಒಪ್ಪಿಗೆ ದೊರೆತರೆ ಮಾತ್ರ ವಿದ್ಯುತ್ ಸ್ಕೂಟರಿನ ಯೋಚನೆ ಮಾಡಿ.

ಮುಂದೆ ಕಾರು ನೋಡಲು ಹೋದಾಗ ಪುಣೆಯಲ್ಲಿ ವಿಶೇಷವಾಗಿ ಪರೀಕ್ಷಿಸಬೇಕಾದದ್ದು ನೀರನ್ನು. 2024ರ ಜುಲೈ 25ರಂದು ಖಡಕವಾಸಲಾ ಜಲಾಶಯದಿಂದ ಮುಠಾ ನದಿಗೆ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಕಟ್ಟಡಗಳಿಗೆ ನೀರು ನುಗ್ಗಿತ್ತು. ಅಂಥ ನೀರಿನಲ್ಲಿ ನಿಂತ ಕಾರುಗಳನ್ನು ತೊಳೆದು, ಹೊಳಪು ಕೊಟ್ಟು ಮಾರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆಯಿದೆಯೇ ನೋಡಿ, ಸೀಟಿನ ಕೆಳಗಿನ ಕಂಬಿಗಳ ತುಕ್ಕು ನೋಡಿ, ನೆಲಹಾಸನ್ನು ಎತ್ತಿ ಮುಗ್ಗಲು ವಾಸನೆ ಇದೆಯೇ ಪರೀಕ್ಷಿಸಿ. ನಿಮ್ಮ ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ, ಮಾರುವವರು ಕರೆತಂದವರಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿರುವ ಅಣ್ಣ, ಕೆಎ 22 ನೋಂದಣಿಯ ತಮ್ಮ ಕಾರನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ. ಅದೇ ನಂಬರಿನಲ್ಲಿ ಇಲ್ಲಿ ಓಡಿಸಬಹುದೇ?
— ಓದುಗರೊಬ್ಬರು, ಚಿಂಚವಡ

ಉತ್ತರ: ಶಾಶ್ವತವಾಗಿ ಓಡಿಸುವಂತಿಲ್ಲ. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಮಹಾರಾಷ್ಟ್ರದಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರಿಗೆ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಬೆಳಗಾವಿಯ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು, ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ತುಂಬಬೇಕು, ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ಬಗ್ಗೆ ನಮೂನೆ 35 ಬೇಕು. ಇಲ್ಲಿ ರಸ್ತೆ ತೆರಿಗೆಯನ್ನು ಹೊಸದಾಗಿ ಕಟ್ಟಿ, ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ಹಿಂದಕ್ಕೆ ಕೇಳಬೇಕು. ಅಣ್ಣನವರು ಹೇಳಿದ ಬೆಲೆಗೆ ಈ ತೆರಿಗೆಯನ್ನು ಕೂಡಿಸಿ, ಅದೇ ವರ್ಷದ, ಇಲ್ಲಿನ ಎಂಎಚ್ 14 ನೋಂದಣಿಯ ಕಾರಿನ ಬೆಲೆಯೊಡನೆ ಹೋಲಿಸಿ ತೀರ್ಮಾನಿಸಿ. ವಿಮೆಯನ್ನು ವರ್ಗಾವಣೆಯಾದ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಣ್ಣನವರ ನೋ ಕ್ಲೇಮ್ ಬೋನಸ್ (ವಿಮೆಯಿಂದ ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರಿಗೆ ಸೇರಿದ್ದೇ ಹೊರತು ಕಾರಿನೊಂದಿಗೆ ಬರುವುದಿಲ್ಲ, ಆದ್ದರಿಂದ ಪ್ರೀಮಿಯಂ ಅವರು ಕಟ್ಟುತ್ತಿದ್ದುದಕ್ಕಿಂತ ಹೆಚ್ಚಾಗುತ್ತದೆ.