ತಿರುಗುವ ಡ್ರಮ್ಮಿನಲ್ಲಿ ಕಪ್ಪು-ಬಿಳುಪು ಶೀಟ್ ಫಿಲ್ಮ್: ಯಾವ ಡೆವಲಪರ್ ಹಾಕಬೇಕು?

ಇಷ್ಟು ಕಾಲ 4×5 ಇಂಚಿನ ಶೀಟುಗಳನ್ನು ಟ್ರೇಯಲ್ಲಿ ರೋಡಿನಾಲ್ ಹಾಕಿ ಡೆವಲಪ್ ಮಾಡುತ್ತಿದ್ದೀರಿ, ಈಗ ಹತ್ತು ಶೀಟು ಹಿಡಿಯುವ ಜೋಬೋ ಡ್ರಮ್ ಕೊಂಡಿದ್ದೀರಿ. ರೋಡಿನಾಲನ್ನೇ ಮುಂದುವರಿಸಲೇ, ಎಲ್ಲರೂ ಹೊಗಳುವ ಪೈರೋ ಹಿಡಿಯಲೇ ಅಥವಾ ಬೇರೆಯದೇ ಬೇಕೇ ಎಂದು ಕೇಳಿದ್ದೀರಿ. ನನ್ನ ಉತ್ತರ ಕೊಡಾಕಿನ ಎಕ್ಸ್‌ಟಾಲ್, ಅಷ್ಟೇ ಪ್ರಮಾಣದ ನೀರು ಬೆರೆಸಿ, ಒಮ್ಮೆ ಬಳಸಿ ಚೆಲ್ಲುವುದು. ಅದು ಸಿಗದಿದ್ದರೆ ಡಿ-76 ಅಥವಾ ಅದರ ಜೋಡಿ ಐಡಿ-11.

ಡ್ರಮ್ಮಿಗೆ ಡೆವಲಪರ್ ಆರಿಸುವಾಗ ಗ್ರೇನು, ಶಾರ್ಪ್‌ನೆಸ್ಸು ಎಂದು ಹೊರಡುವವರೇ ಹೆಚ್ಚು. 4×5 ನೆಗೆಟಿವಿನಲ್ಲಿ ಗ್ರೇನು ಅಷ್ಟು ದೊಡ್ಡ ವಿಷಯವೇ ಅಲ್ಲ. ಮೊದಲು ಕೇಳಬೇಕಾದದ್ದು ಎರಡು: ಈ ದ್ರಾವಣ ಗಾಳಿಯನ್ನು ತಡೆದುಕೊಳ್ಳುತ್ತದೆಯೇ? ನಾನು ಹಾಕುವ ಅಷ್ಟು ದ್ರಾವಣದಲ್ಲಿ ಇಷ್ಟು ಶೀಟಿಗೆ ಸಾಲುವಷ್ಟು ಮದ್ದು ಇದೆಯೇ?

ಗಾಳಿಯಿಂದ ಶುರು ಮಾಡೋಣ. ಟ್ರೇಯಲ್ಲಿ ಶೀಟು ದ್ರಾವಣದೊಳಗೆ ಮುಳುಗಿರುತ್ತದೆ, ಗಾಳಿ ತಾಗುವುದು ಮೇಲ್ಮೈಗೆ ಮಾತ್ರ. ಡ್ರಮ್ಮಿನಲ್ಲಿ ತಳದಲ್ಲಿ ಒಂದಿಷ್ಟು ದ್ರಾವಣ ಇರುತ್ತದೆ, ಶೀಟುಗಳು ಅದರಲ್ಲಿ ಒದ್ದೆಯಾಗಿ ಮೇಲೇರಿ ಮತ್ತೆ ಇಳಿಯುತ್ತವೆ. ತೆಳ್ಳಗೆ ಹರಡಿದ ಆ ಪದರಕ್ಕೆ ಉದ್ದಕ್ಕೂ ಆಮ್ಲಜನಕ ಸಿಗುತ್ತಲೇ ಇರುತ್ತದೆ. ಡೆವಲಪರಿನ ಕೆಲಸ ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಲೋಹವಾಗಿಸುವುದು. ಆದರೆ ಆಮ್ಲಜನಕ ಸಿಕ್ಕರೆ ಅದು ಅದರ ಜೊತೆಗೂ ಸೇರಿ ಕೆಡುತ್ತದೆ. ಇದನ್ನು ತಡೆಯುವುದು ಸೋಡಿಯಂ ಸಲ್ಫೈಟ್. ಡಿ-76ರ ಒಂದು ಲೀಟರಿನಲ್ಲಿ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ ಇದ್ದರೆ ಸಲ್ಫೈಟ್ 100 ಗ್ರಾಂ ಇರುತ್ತದೆ. ಇಂಥ ದ್ರಾವಣ ಹತ್ತು ಹನ್ನೆರಡು ನಿಮಿಷ ತಿರುಗಿದರೂ ಜಗ್ಗುವುದಿಲ್ಲ.

ಪೈರೋ ಇದಕ್ಕೆ ತದ್ವಿರುದ್ಧ. ಅದರ ಸೊಗಸೆಲ್ಲ ಇರುವುದು ಕಲೆಯಲ್ಲಿ, ಎಂದರೆ ಬೆಳ್ಳಿ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಜೆಲಟಿನಿನಲ್ಲಿ ಕೂರುವ ಹಳದಿ-ಹಸಿರು ಅಥವಾ ಕಂದು ಬಣ್ಣದಲ್ಲಿ. ಆ ಬಣ್ಣ ಹುಟ್ಟಬೇಕಾದರೆ ಸಲ್ಫೈಟ್ ತೀರಾ ಕಡಿಮೆ ಇರಬೇಕು. ಸಲ್ಫೈಟ್ ಕಡಿಮೆಯಾದರೆ ಗಾಳಿಯ ಎದುರು ರಕ್ಷಣೆ ಇಲ್ಲ. ಹಾಗಾಗಿ ಗಾರ್ಡನ್ ಹಚಿಂಗ್ಸ್ ಅವರ ಪಿಎಂಕೆ ಎಂಬ ಪೈರೋ ಡೆವಲಪರ್ ಟ್ರೇಯಲ್ಲಿ ಎಷ್ಟು ಚೆಂದವೋ ಡ್ರಮ್ಮಿನಲ್ಲಿ ಅಷ್ಟೇ ತೊಡಕು: ದ್ರಾವಣ ನಡುವೆಯೇ ಸೋಲುತ್ತದೆ, ಕಲೆ ಚಿತ್ರಕ್ಕೆ ತಕ್ಕಂತೆ ಕೂರುವ ಬದಲು ಇಡೀ ಶೀಟಿಗೆ ಒಂದೇ ಸಮನೆ ಹಬ್ಬುತ್ತದೆ, ಕೆಲವೊಮ್ಮೆ ಗೆರೆಗಳೂ ಬೀಳುತ್ತವೆ. ಇಡೀ ಶೀಟಿಗೆ ಹಬ್ಬಿದ ಕಲೆಯಿಂದ ಪ್ರಿಂಟ್ ಎಕ್ಸ್‌ಪೋಷರ್ ಉದ್ದವಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಪೈರೋ ಬೇಕೇ ಬೇಕು ಎನ್ನುವುದಾದರೆ ತಿರುಗುವ ಡ್ರಮ್ಮಿಗೆಂದೇ ಹೊಂದಿಸಿದ ರೋಲೋ ಪೈರೋ ನೋಡಿ. ಇಲ್ಲವೇ ಸ್ಯಾಂಡಿ ಕಿಂಗ್ ಅವರ ಪೈರೋಕ್ಯಾಟ್-ಎಚ್‌ಡಿ ಹಿಡಿಯಿರಿ. ಅದರಲ್ಲಿರುವುದು ಮಾಮೂಲಿ ಪೈರೋದ ಪೈರೋಗ್ಯಾಲಾಲ್ ಅಲ್ಲ, ಪೈರೋಕ್ಯಾಟೆಕಿನ್, ಗಾಳಿಗೆ ತುಸು ಹೆಚ್ಚು ತಾಳುತ್ತದೆ. ಆಗಲೂ ದ್ರಾವಣವನ್ನು ಎರಡು ಪಾಲು ಮಾಡಿ, ಅರ್ಧ ಸಮಯ ಕಳೆದ ಮೇಲೆ ಮೊದಲ ಪಾಲನ್ನು ಚೆಲ್ಲಿ ಹೊಸದನ್ನು ಹಾಕುವುದು ಒಳ್ಳೆಯದು.

ಈಗ ಪ್ರಮಾಣ. ಇದು ಬಹಳ ಮುಖ್ಯ, ಬಹಳ ಜನ ದಾಟಿಹೋಗುವುದೂ ಇದನ್ನೇ. ಡ್ರಮ್ಮಿನ ಮೇಲೆ ಕನಿಷ್ಠ ಇಷ್ಟು ಮಿಲಿಲೀಟರ್ ಎಂದು ಬರೆದಿರುತ್ತದಲ್ಲ, ಅದು ಶೀಟುಗಳು ಪೂರ್ತಿ ಒದ್ದೆಯಾಗಲು ಬೇಕಾದ ಅಳತೆ ಅಷ್ಟೆ. ಅಷ್ಟರಲ್ಲಿ ಮದ್ದು ಸಾಲುತ್ತದೆ ಎಂಬ ಭರವಸೆಯಲ್ಲ. 4×5ರ ನಾಲ್ಕು ಶೀಟು ಸೇರಿದರೆ 80 ಚದರ ಇಂಚು, ಎಂದರೆ ಒಂದು 8×10 ಶೀಟು, ಅಥವಾ ಹೆಚ್ಚುಕಡಿಮೆ 36 ಚಿತ್ರಗಳ ಒಂದು ರೋಲು. ಎಕ್ಸ್‌ಟಾಲಿಗೆ ಕೊಡಾಕ್ ಹೇಳುವ ಲೆಕ್ಕ ಅಂಥ ಒಂದು ರೋಲಿಗೆ ಕನಿಷ್ಠ 100 ಮಿಲೀ ಸ್ಟಾಕ್, ಎಂದರೆ ನೀರು ಬೆರೆಸದ ಮೂಲ ದ್ರಾವಣ. ನಿಮ್ಮ ಹತ್ತು ಶೀಟಿಗೆ 250 ಮಿಲೀ ಸ್ಟಾಕ್ ಬೇಕು, ಸಮ ನೀರು ಸೇರಿಸಿದರೆ 500 ಮಿಲೀ. ಡ್ರಮ್ಮಿಗೆ ಆರಾಮ. ಅದೇ ಡಿ-76ಕ್ಕೆ ಸಮ ನೀರು ಬೆರೆಸಿದಾಗ ಕೊಡಾಕ್ ಒಂದು ರೋಲಿಗೆ 473 ಮಿಲೀ ಕೇಳುತ್ತದೆ. ಹತ್ತು ಶೀಟಿಗೆ ಅದು 1 ಲೀಟರನ್ನೂ ಮೀರಿತು, ಅಷ್ಟು ಭಾರ ಹೊತ್ತು ತಿರುಗಿಸಲು ಮೋಟಾರಿಗೆ ಕಷ್ಟ. ಅರ್ಧದಷ್ಟು, ಎಂದರೆ ರೋಲಿಗೆ 237 ಮಿಲೀ ಹಾಕಿ ಸಮಯವನ್ನು ಶೇ 10 ಹೆಚ್ಚಿಸಬಹುದು ಎಂದೂ ಅವರೇ ಹೇಳುತ್ತಾರೆ. ಆಗ ಹತ್ತು ಶೀಟಿಗೆ ಸುಮಾರು 600 ಮಿಲೀ. ನಾನಾದರೆ ಡಿ-76 ಬಳಸುವ ದಿನ ಆರೇ ಶೀಟು ಹಾಕಿ, ದ್ರಾವಣವನ್ನು ಧಾರಾಳವಾಗಿ ಸುರಿಯುತ್ತೇನೆ. ಮದ್ದು ಕಡಿಮೆಯಾದರೆ ಮೊದಲು ಸೊರಗುವುದು ಹೈಲೈಟುಗಳು, ಎಂದರೆ ಚಿತ್ರದ ಹೆಚ್ಚು ಬೆಳಕಿನ ಭಾಗಗಳು. ಆಕಾಶ ಸಪ್ಪೆಯಾಗಿ ಬಂದಾಗ ಸಮಯ ಸಾಲಲಿಲ್ಲ ಎಂದುಕೊಂಡು ಸಮಯ ಹೆಚ್ಚಿಸುತ್ತಾ ಹೋದರೆ ಕಾರಣ ಕೊನೆಗೂ ಸಿಗುವುದಿಲ್ಲ.

ಡೆವಲಪ್ ಆಗುವ ಸಮಯವೂ ಆಯ್ಕೆಯನ್ನು ಬಿಗಿ ಮಾಡುತ್ತದೆ. ಡ್ರಮ್ ನಿಲ್ಲದೆ ತಿರುಗುವುದರಿಂದ ಶೀಟಿನ ಮುಂದೆ ಸದಾ ಹೊಸ ದ್ರಾವಣ ಇರುತ್ತದೆ, ಕಾಂಟ್ರಾಸ್ಟ್ ಬೇಗ ಏರುತ್ತದೆ. ಆಗಾಗ ಮಾತ್ರ ಅಲುಗಾಡಿಸುವ ಟ್ಯಾಂಕಿನ ಸಮಯಕ್ಕಿಂತ ಶೇ 15ರವರೆಗೆ ಕಡಿತ ಮಾಡಿ ಎಂಬುದು ಇಲ್‌ಫೋರ್ಡಿನ ಸಲಹೆ. ಅವರ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಕೊಡಾಕಿನ ಸಿರಪ್ ಡೆವಲಪರ್ ಎಚ್‌ಸಿ-110ರ ಡೈಲ್ಯೂಷನ್ ಬಿಯಲ್ಲಿ (ಒಂದು ಪಾಲು ಸಿರಪ್ಪಿಗೆ 31 ಪಾಲು ನೀರು, 1+31) 20 ಡಿಗ್ರಿಗೆ 5 ನಿಮಿಷ. ಕಡಿತ ಮಾಡಿದರೆ ನಾಲ್ಕು ಚಿಲ್ಲರೆ ನಿಮಿಷ ಉಳಿಯಿತು. ಅಷ್ಟು ಕಡಿಮೆ ಸಮಯದಲ್ಲಿ ದ್ರಾವಣ ಸುರಿಯುವ, ಬಸಿಯುವ ಕ್ಷಣಗಳೇ ದೊಡ್ಡ ಪಾಲಾಗಿ ಅಸಮ ಡೆವಲಪ್ ಆಗುವ ಭಯ ಇರುತ್ತದೆ. ಅದೇ ಫಿಲ್ಮಿಗೆ ಐಡಿ-11 ಸಮ ನೀರಿನಲ್ಲಿ 13 ನಿಮಿಷ, ಕಡಿತದ ನಂತರ ಸುಮಾರು 11. ಡ್ರಮ್ಮಿಗೆ ಹೇಳಿ ಮಾಡಿಸಿದ ಸಮಯ. ಎಚ್‌ಸಿ-110 ಬೇಕೆನಿಸಿದರೆ 1+63ಕ್ಕೆ ತೆಳುಮಾಡಿ, ಆದರೆ ನಾಲ್ಕು ಶೀಟಿಗೆ 6 ಮಿಲೀ ಸಿರಪ್ ಒಳಗಿರಲಿ. ತಿಂಗಳಿಗೊಮ್ಮೆ ಮಾತ್ರ ಡೆವಲಪ್ ಮಾಡುವವರಿಗೆ ಬಾಟಲಿಯಲ್ಲಿ ಬಹುಕಾಲ ಬಾಳುವ ಆ ಸಿರಪ್ ನಿಜಕ್ಕೂ ಅನುಕೂಲ.

ರೋಡಿನಾಲ್ ಬಗ್ಗೆ ನಿಮಗೆ ಪ್ರೀತಿ ಇದೆ, ನನಗೂ ಇದೆ. 1891ರಿಂದ ಇರುವ ಮದ್ದು ಅದು. ಆದರೆ ಅದರ ವಿಶೇಷವೆಲ್ಲ ಹೊರಬರುವುದು ದ್ರಾವಣ ನಿಶ್ಚಲವಾಗಿದ್ದಾಗ: ಬೆಳಕಿನ ಭಾಗದಲ್ಲಿ ಮದ್ದು ಸೋತು, ನೆರಳಿನ ಭಾಗದಲ್ಲಿ ಕೆಲಸ ಮುಂದುವರಿದು, ಎರಡರ ಗಡಿಯಲ್ಲಿ ಅಂಚು ಚುರುಕಾಗುತ್ತದೆ. ಡ್ರಮ್ ಸೋತ ಮದ್ದನ್ನು ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ. ಹಾಗಾಗಿ 1+50ರಲ್ಲಿ ಒಳ್ಳೆಯ ನೆಗೆಟಿವ್ ಬರುತ್ತದೆ, ಆದರೆ ರೋಡಿನಾಲ್ ಎಂದು ಗುರುತು ಹಿಡಿಯುವ ಗುಣ ಮಾಸುತ್ತದೆ. ಅದನ್ನು ಟ್ರೇಗೇ ಉಳಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ: ಕೊಡಾಕಿನ ಟಿ-ಮ್ಯಾಕ್ಸ್ ಶೀಟ್ ಫಿಲ್ಮಿಗೆ ಟಿ-ಮ್ಯಾಕ್ಸ್ ಡೆವಲಪರ್ ಸಹಜ ಆಯ್ಕೆ ಎನಿಸುತ್ತದೆ, ಆದರೆ ಶೀಟ್ ಫಿಲ್ಮಿನ ಮೇಲೆ ಡೈಕ್ರೋಯಿಕ್ ಫಾಗ್ (ಬಣ್ಣಬಣ್ಣವಾಗಿ ಹೊಳೆಯುವ ಬೆಳ್ಳಿಯ ತೆಳು ಮಬ್ಬು) ಬರಬಹುದೆಂದು ಕೊಡಾಕ್ ಅದನ್ನು ಬೇಡ ಎನ್ನುತ್ತದೆ. ಶೀಟಿಗೆ ಅವರು ಹೇಳುವುದು ಟಿ-ಮ್ಯಾಕ್ಸ್ ಆರ್‌ಎಸ್.

ಎಕ್ಸ್‌ಟಾಲಿಗೆ ಮರಳಿದರೆ, 1996ರಲ್ಲಿ ಬಂದದ್ದು, ಆಸ್ಕಾರ್ಬೇಟ್ ಹಾಗೂ ಫೆನಿಡೋನ್ ಬಳಗದ ಮದ್ದು, ಸಲ್ಫೈಟ್ ಧಾರಾಳ. ನೆರಳಿನ ವಿವರ ಚೆನ್ನಾಗಿ ಉಳಿಸುತ್ತದೆ, ಡ್ರಮ್ಮಿನ ಸತತ ಚಲನೆಯಲ್ಲೂ ಟೋನುಗಳು ಒಂದಕ್ಕೊಂದು ನಯವಾಗಿ ಜಾರುತ್ತವೆ. ಅಡಾಕ್ಸ್ ಎಕ್ಸ್‌ಟಿ-3, ಫೋಮಾಡಾನ್ ಎಕ್ಸೆಲ್ ಇವೂ ಅದೇ ಜಾತಿ. ಒಂದೇ ಒಂದು ಕೊರತೆ: ಹಳತಾದಾಗ ಬಣ್ಣ ಬದಲಾಗದೆ, ಸುಳಿವೇ ಕೊಡದೆ ಸಾಯುತ್ತದೆ. ನೀರಿನಲ್ಲಿ ಕಬ್ಬಿಣ ಅಥವಾ ತಾಮ್ರದ ಅಂಶವಿದ್ದರೆ ಇನ್ನೂ ಬೇಗ. ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ, ಕುತ್ತಿಗೆಯವರೆಗೆ ತುಂಬಿದ ಚಿಕ್ಕ ಬಾಟಲಿಗಳಲ್ಲಿಡಿ. ಡ್ರಮ್ ತುಂಬುವ ಮೊದಲು ಬೆಳಕಿಗೆ ಬಿದ್ದು ಹಾಳಾದ ಫಿಲ್ಮ್ ತುಣುಕೊಂದನ್ನು ದ್ರಾವಣದಲ್ಲಿ ಅದ್ದಿ ನೋಡಿ. ಕಪ್ಪಾದರೆ ಮುಂದುವರಿಯಿರಿ.

ಡೆವಲಪರ್ ಹಾಕುವ ಮೊದಲು ಫಿಲ್ಮನ್ನು ನೀರಿನಲ್ಲಿ ನೆನೆಸಬೇಕೇ ಎಂಬುದಕ್ಕೆ ತಯಾರಕರಲ್ಲೇ ಒಮ್ಮತವಿಲ್ಲ. 5 ನಿಮಿಷ ನೆನೆಸಿದರೆ ಟ್ಯಾಂಕಿನ ಸಮಯವನ್ನೇ ಬಳಸಬಹುದು ಎನ್ನುತ್ತದೆ ಜೋಬೋ. ತಿರುಗಿಸುವಾಗ ನೆನೆಸಿದರೆ ಅಸಮವಾಗಬಹುದು, ಬೇಡ ಎನ್ನುತ್ತದೆ ಇಲ್‌ಫೋರ್ಡ್. ನಾನು ನೆನೆಸುತ್ತೇನೆ, ಡ್ರಮ್ ಬೆಚ್ಚಗಿನ ಒಂದೇ ತಾಪಮಾನಕ್ಕೆ ಬರುತ್ತದೆ ಎಂಬ ಕಾರಣಕ್ಕೆ. ನೀವು ಯಾವುದನ್ನು ಆರಿಸಿದರೂ ಅದನ್ನೇ ಪಾಲಿಸಿ. ನೆನೆಸಿಯೂ ಸಮಯ ಕಡಿತ ಮಾಡಿದರೆ ನೆಗೆಟಿವ್ ತೆಳುವಾಗುವ ಸಂಭವ ಹೆಚ್ಚು.

ಕೊನೆಗೆ ಸಮಯವನ್ನು ನಿಮ್ಮ ಡ್ರಮ್ಮೇ ಹೇಳಬೇಕು. 21 ಮೆಟ್ಟಿಲುಗಳಲ್ಲಿ ಹಂತಹಂತವಾಗಿ ಕಪ್ಪಾಗುವ ಪಟ್ಟಿ, ಎಂದರೆ ಸ್ಟೆಪ್ ವೆಡ್ಜ್ ಒಂದನ್ನು ಶೀಟಿನ ಮೇಲಿಟ್ಟು ಎಕ್ಸ್‌ಪೋಸ್ ಮಾಡಿ. ಪ್ರತಿ ಮೆಟ್ಟಿಲಿಗೆ ಡೆನ್ಸಿಟಿ (ಕಪ್ಪಿನ ಅಳತೆ) 0.15 ಏರುತ್ತದೆ, ಎಂದರೆ ಅರ್ಧ ಸ್ಟಾಪ್ ಬೆಳಕು. ಇಂಥ ಮೂರು ಶೀಟುಗಳನ್ನು ಮೂರು ಬೇರೆ ಸಮಯಕ್ಕೆ, ಪ್ರತಿ ಸಲವೂ ಹೊಸದಾಗಿ 500 ಮಿಲೀ ದ್ರಾವಣ ಹಾಕಿ ಡೆವಲಪ್ ಮಾಡಿ. ಒಂದೇ ಶೀಟು ಹಾಕುತ್ತಿದ್ದೇನೆಂದು ದ್ರಾವಣ ಕಡಿಮೆ ಮಾಡಬೇಡಿ. ಮೂರನ್ನೂ ನೀವು ಯಾವಾಗಲೂ ಬಳಸುವ ಕಾಗದದ ಮೇಲೆ ಪ್ರಿಂಟ್ ಮಾಡಿ, ಎಷ್ಟು ಮೆಟ್ಟಿಲು ಬೇರೆಬೇರೆಯಾಗಿ ಕಾಣುತ್ತವೆ ಎಂದು ನೋಡಿ ಸಮಯ ಗೊತ್ತುಮಾಡಿಕೊಳ್ಳಿ.