ಗುಣಲಬ್ಧದ ಅವಕಲನದಲ್ಲಿ ಎರಡು ಪದಗಳೇಕೆ?

ಪ್ರಶ್ನೆ: ಎರಡು ಫಂಕ್ಷನ್‌ಗಳ ಮೊತ್ತವನ್ನು ಅವಕಲಿಸುವಾಗ ಪ್ರತಿಯೊಂದರ ಅವಕಲನವನ್ನು (ಅಂದರೆ ಬದಲಾವಣೆಯ ದರವನ್ನು) ಕಂಡುಹಿಡಿದು ಕೂಡಿಸಿದರೆ ಸಾಕು. ಹಾಗಿರುವಾಗ ‘ಎಕ್ಸ್ ವರ್ಗ ಗುಣಿಲೆ ಸೈನ್ ಎಕ್ಸ್’ ಎಂಬುದರ ಅವಕಲನ 2ಎಕ್ಸ್ ಗುಣಿಲೆ ಕಾಸ್ ಎಕ್ಸ್ ಏಕಾಗುವುದಿಲ್ಲ? ಗುಣಲಬ್ಧ ನಿಯಮ ಎಲ್ಲೆಲ್ಲಿ ಬೇಕು?

ಉತ್ತರ: ನಿಮ್ಮ ಊಹೆ ಸಹಜವಾದದ್ದೇ. ಕಲನಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಲೈಬ್ನಿಟ್ಸ್ ಕೂಡ 1675ರ ನವೆಂಬರ್ ತಿಂಗಳ ಟಿಪ್ಪಣಿಗಳಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಪರೀಕ್ಷಿಸಿ, ಕೈಬಿಟ್ಟರು. ಅದನ್ನು ಅಲ್ಲಗಳೆಯಲು ಒಂದು ಸಾಲು ಸಾಕು: ಎಕ್ಸ್ ವರ್ಗವೆಂದರೆ ಎಕ್ಸ್ ಗುಣಿಲೆ ಎಕ್ಸ್, ಎಕ್ಸ್‌ನ ಅವಕಲನ 1 ಆದ್ದರಿಂದ ನಿಮ್ಮ ವಿಧಾನದಲ್ಲಿ ಉತ್ತರ 1 ಬರುತ್ತದೆ, ಆದರೆ ನಿಜವಾದ ಉತ್ತರ 2ಎಕ್ಸ್.

ಕಾರಣ ತಿಳಿಯಲು ಉದ್ದ 5 ಮೀಟರ್, ಅಗಲ 3 ಮೀಟರ್ ಇರುವ ಒಂದು ಆಯತವನ್ನು ಬರೆದುಕೊಳ್ಳಿ. ಉದ್ದ ಮತ್ತು ಅಗಲ ಎರಡೂ 0.01 ಮೀಟರ್ ಹೆಚ್ಚಿದರೆ ವಿಸ್ತೀರ್ಣ 15ರಿಂದ 15.0801 ಚದರ ಮೀಟರ್‌ಗೆ ಏರುತ್ತದೆ. ಈ ಹೆಚ್ಚಳದಲ್ಲಿ ಎರಡು ಅಂಚುಗಳಿಗೆ ಸೇರಿದ ಪಟ್ಟಿಗಳ ಪಾಲು 0.05 ಮತ್ತು 0.03, ಮೂಲೆಯ ಪುಟ್ಟ ಚೌಕದ ಪಾಲು 0.0001 ಮಾತ್ರ. ಬಾಹುಗಳ ಹೆಚ್ಚಳವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಪಟ್ಟಿಗಳೂ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತವೆ, ಆದರೆ ಮೂಲೆ ನೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಆದ್ದರಿಂದ ಮಿತಿಯಲ್ಲಿ ಅದು ಲೆಕ್ಕಕ್ಕೇ ಉಳಿಯುವುದಿಲ್ಲ. ಅವಕಲನಗಳನ್ನು ಪರಸ್ಪರ ಗುಣಿಸುವವರು ಉಳಿಸಿಕೊಳ್ಳುವುದು ಅಳಿದುಹೋಗುವ ಈ ಮೂಲೆಯನ್ನು, ಬಿಟ್ಟುಬಿಡುವುದು ಎರಡೂ ಪಟ್ಟಿಗಳನ್ನು! ಏಕಮಾನಗಳೂ ಹೊಂದುವುದಿಲ್ಲ: ಬಾಹುಗಳು ಕಾಲದೊಂದಿಗೆ ಬೆಳೆಯುತ್ತಿವೆ ಎಂದುಕೊಂಡರೆ, ವಿಸ್ತೀರ್ಣ ಹೆಚ್ಚುವ ದರ ಸೆಕೆಂಡಿಗೆ ಇಷ್ಟು ಚದರ ಮೀಟರ್ ಎಂದಿರಬೇಕಾದಲ್ಲಿ ಸೆಕೆಂಡಿನ ವರ್ಗ ಬಂದು ಕೂರುತ್ತದೆ.

ಆದ್ದರಿಂದ ಮೊದಲನೆಯದರ ಅವಕಲನವನ್ನು ಎರಡನೆಯದರಿಂದ ಗುಣಿಸಿ, ಅದಕ್ಕೆ ಮೊದಲನೆಯದು ಗುಣಿಲೆ ಎರಡನೆಯದರ ಅವಕಲನವನ್ನು ಕೂಡಿಸಬೇಕು. ಇದೇ ಗುಣಲಬ್ಧ ನಿಯಮ. ನಿಮ್ಮ ಲೆಕ್ಕದ ಉತ್ತರ: 2ಎಕ್ಸ್ ಸೈನ್ ಎಕ್ಸ್ + ಎಕ್ಸ್ ವರ್ಗ ಕಾಸ್ ಎಕ್ಸ್.

ಗುಣಾಕಾರ ಕಂಡಲ್ಲೆಲ್ಲ ಈ ನಿಯಮವನ್ನು ಹೂಡಬೇಕಾಗಿಲ್ಲ. 7 ಸೈನ್ ಎಕ್ಸ್‌ನಲ್ಲಿ 7 ಸ್ಥಿರಾಂಕವಾದ್ದರಿಂದ ನಿಯಮ ಸುಳ್ಳಾಗದಿದ್ದರೂ ಅನಗತ್ಯ. ಎರಡು ಸಣ್ಣ ಬಹುಪದಗಳಿದ್ದರೆ ಗುಣಿಸಿ ಬಿಡಿಸಿಕೊಂಡು ಅವಕಲಿಸುವುದೇ ನನಗೆ ಮೆಚ್ಚು. ‘ಎಕ್ಸ್ ವರ್ಗದ ಸೈನ್’ ಎಂಬುದು ಗುಣಲಬ್ಧವೇ ಅಲ್ಲ, ಒಂದರೊಳಗೊಂದು ಇರುವ ಫಂಕ್ಷನ್. ಅದಕ್ಕೆ ಸರಪಳಿ ನಿಯಮ ಬೇಕು. ಮೂರು ಅಪವರ್ತನಗಳಿದ್ದರೆ ಮೂರು ಪದಗಳು ಬರುತ್ತವೆ, ಪ್ರತಿ ಪದದಲ್ಲಿ ಒಂದನ್ನು ಮಾತ್ರ ಅವಕಲಿಸಿ ಉಳಿದೆರಡನ್ನು ಇದ್ದಂತೆಯೇ ಬರೆಯಬೇಕು.